ವಸ್ತುಸಂಗ್ರಹಾಲಯದಲ್ಲಿ ಶಾಲಾಮಕ್ಕಳು: ಸ್ವಯಂಸೇವಕ ಮಾರ್ಗದರ್ಶಿಯ ಹೊಣೆ ಮತ್ತು ತೊಡಕುಗಳು

ಪೀಠಿಕೆ

ಮಾಗಿಯ ಚಳಿ ಮೊದಲಾಗುತ್ತಿದ್ದಂತೆಯೇ ಶಾಲೆಗಳಲ್ಲಿ ಶೈಕ್ಷಣಿಕ ಪ್ರವಾಸದ ಸಡಗರವೂ ಮೊದಲಾಗುತ್ತದೆ. ನಸುಕಿನಲ್ಲಿ ಹೊರಡುವ ಬಸ್ಸು, ಬುತ್ತಿಯ ಗಂಟು, ಮಕ್ಕಳ ಹಾಡು, ಉಪಾಧ್ಯಾಯರ ಕೈಯಲ್ಲಿನ ಹೆಸರುಗಳ ಪಟ್ಟಿ, ಇವು ಯಾವ ತಲೆಮಾರಿನ ವಿದ್ಯಾರ್ಥಿಯೂ ಮರೆಯಲಾಗದ ಚಿತ್ರಗಳು. ಪ್ರವಾಸದ ಸ್ಥಳಗಳಲ್ಲಿ ದೇವಾಲಯ, ಅಣೆಕಟ್ಟು, ಉದ್ಯಾನಗಳ ನಡುವೆ ವಸ್ತುಸಂಗ್ರಹಾಲಯಕ್ಕೂ ಒಂದು ಸ್ಥಾನವಿರುತ್ತದೆ. ಆದರೆ ಅದಕ್ಕೆ ದೊರೆಯುವ ಕಾಲ ಬಹುಮಟ್ಟಿಗೆ ಅರ್ಧ ಗಂಟೆ, ಹೆಚ್ಚೆಂದರೆ ಮುಕ್ಕಾಲು ಗಂಟೆ. ಎಂಬತ್ತು ತೊಂಬತ್ತು ಮಕ್ಕಳು ಒಬ್ಬರ ಹಿಂದೊಬ್ಬರು ಸಾಲಾಗಿ ಒಳಹೊಕ್ಕು, "ಮುಟ್ಟಬೇಡಿ, ಮಾತಾಡಬೇಡಿ, ಮುಂದೆ ನಡೆಯಿರಿ" ಎಂಬ ಮೂರು ಆಜ್ಞೆಗಳ ನಡುವೆ ಸಾವಿರಾರು ವರ್ಷಗಳ ಚರಿತ್ರೆಯನ್ನು ದಾಟಿ ಇನ್ನೊಂದು ಬಾಗಿಲಿನಿಂದ ಹೊರಬರುತ್ತಾರೆ. ಒಳಗೆ ಏನು ಕಂಡಿರೆಂದು ಕೇಳಿದರೆ "ಕಲ್ಲುಗಳು, ಕತ್ತಿಗಳು, ಹಳೆಯ ನಾಣ್ಯಗಳು" ಎಂಬಷ್ಟೇ ಉತ್ತರ ಬರುತ್ತದೆ.

ಈ ಮಕ್ಕಳಲ್ಲಿ ಅನೇಕರ ಪಾಲಿಗೆ, ಅದರಲ್ಲಿಯೂ ದೂರದ ಹಳ್ಳಿಗಳಿಂದ ಬಂದವರ ಪಾಲಿಗೆ, ವಸ್ತುಸಂಗ್ರಹಾಲಯದ ಭೇಟಿ ಶಾಲಾಜೀವನದಲ್ಲಿ ಒಂದೇ ಬಾರಿ ಒದಗುವಂತಹುದು. ತಂದೆತಾಯಿಗಳು ಕೂಲಿಗೋ ಹೊಲಕ್ಕೋ ಹೋಗುವ ಮನೆಯ ಮಗುವನ್ನು ಮತ್ತೊಮ್ಮೆ ಅಲ್ಲಿಗೆ ಕರೆತರುವವರು ಯಾರೂ ಇರುವುದಿಲ್ಲ. ಆ ಒಂದು ಗಂಟೆ ವ್ಯರ್ಥವಾದರೆ ಒಂದು ಬಾಗಿಲು ಮುಚ್ಚಿಯೇಹೋದಂತೆ. ಬಾಗಿಲನ್ನು ತೆರೆಯಬೇಕಾದ ವ್ಯಕ್ತಿಯೇ ಅಲ್ಲಿ ನಿಂತು ಮಕ್ಕಳನ್ನು ಎದುರುಗೊಳ್ಳುವ ಮಾರ್ಗದರ್ಶಿ. ಆ ವ್ಯಕ್ತಿ ಸಂಬಳದ ನೌಕರನಾಗಿರದೆ ಸ್ವಂತ ಇಚ್ಛೆಯಿಂದ ಬಂದ ಸ್ವಯಂಸೇವಕನಾಗಿದ್ದರೆ ಅವನ ಹೊಣೆ ಎಂತಹುದು, ತೊಡಕುಗಳು ಯಾವುವು, ಅವನ್ನು ನಿವಾರಿಸಿಕೊಳ್ಳುವ ಬಗೆ ಯಾವುದು ಎಂಬುದೇ ಇಲ್ಲಿಯ ವಿಚಾರ.

ಮಾರ್ಗದರ್ಶಿಯ ಹುಟ್ಟು

ಭಾರತದಲ್ಲಿ ವಸ್ತುಸಂಗ್ರಹಾಲಯಗಳ ಚರಿತ್ರೆ 1814ರಲ್ಲಿ ಕಲಕತ್ತೆಯಲ್ಲಿ ಸ್ಥಾಪಿತವಾದ ಸಂಸ್ಥೆಯಿಂದ ಆರಂಭವಾಗುತ್ತದೆ. ಬಂಗಾಳದ ಜನ ಅದನ್ನು ಕರೆದದ್ದು 'ಜಾದೂಘರ್' ಎಂದು, ಅಂದರೆ ಮಾಯೆಯ ಮನೆ. 1851ರಲ್ಲಿ ಮದರಾಸಿನಲ್ಲಿಯೂ, 1860ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಸರ್ಕಾರಿ ವಸ್ತುಸಂಗ್ರಹಾಲಯಗಳು ತಲೆಯೆತ್ತಿದವು. ಬೆರಗುಗೊಳಿಸುವ ಶಕ್ತಿ ಇವುಗಳಿಗೆ ಹುಟ್ಟಿನಿಂದಲೇ ಇತ್ತು. ಆದರೆ ಬೆರಗು ತಾನಾಗಿಯೇ ತಿಳಿವಳಿಕೆಯಾಗಿ ಮಾರ್ಪಡುವುದಿಲ್ಲ. ಅವೆರಡರ ನಡುವೆ ಒಬ್ಬ ಮನುಷ್ಯ ನಿಲ್ಲಬೇಕಾಗುತ್ತದೆ.

ಈ ಸತ್ಯವನ್ನು ಕಂಡುಕೊಂಡು ಅದಕ್ಕೆ ಒಂದು ವ್ಯವಸ್ಥೆಯ ರೂಪವನ್ನು ಕೊಟ್ಟ ಕೀರ್ತಿ ಅಮೆರಿಕದ ಬೋಸ್ಟನ್ ನಗರದ ಲಲಿತಕಲಾ ವಸ್ತುಸಂಗ್ರಹಾಲಯದ ಕಾರ್ಯದರ್ಶಿಯಾಗಿದ್ದ ಬೆಂಜಮಿನ್ ಐವ್ಸ್ ಗಿಲ್ಮನ್ ಅವರಿಗೆ ಸಲ್ಲುತ್ತದೆ. 1907ರಲ್ಲಿ ಅಲ್ಲಿ ಸಂದರ್ಶಕರ ಜೊತೆ ನಡೆದು ವಸ್ತುಗಳನ್ನು ಪರಿಚಯಿಸಿಕೊಡುವವರನ್ನು 'ಡೋಸೆಂಟ್' ಎಂಬ ಹೆಸರಿನಿಂದ ನಿಯೋಜಿಸಲಾಯಿತು. ಕಲಿಸು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಪದವಿದು. ಕಾಲಕ್ರಮದಲ್ಲಿ ಅಮೆರಿಕದ ನಾನಾ ನಗರಗಳಲ್ಲಿ ಈ ಕಾರ್ಯವನ್ನು ಸ್ವಯಂಸೇವಕರೇ ಕೈಗೆತ್ತಿಕೊಂಡರು. ನಿವೃತ್ತ ಅಧ್ಯಾಪಕರು, ಗೃಹಿಣಿಯರು, ಕಲಾಸಕ್ತರು ತಿಂಗಳುಗಟ್ಟಲೆ ತರಬೇತಿ ಪಡೆದು ಶಾಲಾಮಕ್ಕಳ ತಂಡಗಳನ್ನು ನಡೆಸುವ ಪರಿಪಾಠ ಬೆಳೆಯಿತು. ಭಾರತದ ಕೆಲವು ದೊಡ್ಡ ಸಂಗ್ರಹಾಲಯಗಳಲ್ಲಿಯೂ ಈಚಿನ ದಶಕಗಳಲ್ಲಿ ಸ್ವಯಂಸೇವಕ ಮಾರ್ಗದರ್ಶಿಗಳು ಕಾಣಿಸಿಕೊಂಡಿದ್ದಾರೆ.

ಹೊರಗಿನಿಂದ ನೋಡುವವರಿಗೆ ಇದು ಸುಲಭದ ಕೆಲಸವೆಂದು ತೋರುತ್ತದೆ. ತಿಳಿದದ್ದನ್ನು ಹೇಳುವುದರಲ್ಲಿ ಕಷ್ಟವೇನು? ಆದರೆ ತಿಳಿದದ್ದನ್ನೆಲ್ಲ ಹೇಳದಿರುವುದೇ ಇಲ್ಲಿಯ ದೊಡ್ಡ ಕಷ್ಟವೆಂಬುದು ಮುಂದಿನ ವಿವೇಚನೆಯಿಂದ ಸ್ಪಷ್ಟವಾದೀತು.

ಕಾಲದ ಅಭಾವ, ಕಾಲಿನ ದಣಿವು

ಮಾರ್ಗದರ್ಶಿಗೆ ಎದುರಾಗುವ ಮೊದಲನೆಯ ತೊಡಕು ಮಕ್ಕಳ ದಣಿವು. ಗಿಲ್ಮನ್ ಅವರು 1916ರಲ್ಲಿ 'ವಸ್ತುಸಂಗ್ರಹಾಲಯದ ಆಯಾಸ' ಎಂಬ ವಿಷಯವಾಗಿ ಒಂದು ಲೇಖನವನ್ನು ಪ್ರಕಟಿಸಿದರು. ಕಪಾಟುಗಳಲ್ಲಿಟ್ಟ ವಸ್ತುಗಳನ್ನು ಕುರಿತು ಸರಳವಾದ ಪ್ರಶ್ನೆಗಳನ್ನು ಕೊಟ್ಟು, ಉತ್ತರ ಹುಡುಕುವುದಕ್ಕಾಗಿ ಒಬ್ಬ ವ್ಯಕ್ತಿ ಹೇಗೆ ಬಗ್ಗಬೇಕಾಯಿತು, ಹೇಗೆ ಕುಕ್ಕರಿಸಬೇಕಾಯಿತು, ಹೇಗೆ ಕತ್ತು ಚಾಚಬೇಕಾಯಿತು ಎಂಬುದನ್ನು ಅವರು ಛಾಯಾಚಿತ್ರಗಳ ಮೂಲಕ ತೋರಿಸಿದರು. ನೋಡುವುದು ಕಣ್ಣಿನ ಕೆಲಸ ಮಾತ್ರವಲ್ಲ, ಇಡೀ ಮೈಯ ಕೆಲಸವೆಂಬುದು ಇದರಿಂದ ಮನದಟ್ಟಾಯಿತು. ದೊಡ್ಡವರ ಎತ್ತರಕ್ಕೆ ಹೊಂದಿಸಿಟ್ಟ ಕಪಾಟಿನ ಮುಂದೆ ಹತ್ತು ವರ್ಷದ ಮಗುವಿನ ಪಾಡೇನೆಂಬುದನ್ನು ಊಹಿಸಿಕೊಳ್ಳಬಹುದು. ನಾಲ್ಕು ಗಂಟೆ ಬಸ್ಸಿನಲ್ಲಿ ಕುಳಿತು ಬಂದ, ಬೆಳಗಿನ ಉಪ್ಪಿಟ್ಟು ಕರಗಿಹೋದ ಮಗು ಅದು.

ಅನುಭವವಿಲ್ಲದ ಮಾರ್ಗದರ್ಶಿಯಾದರೋ ಮಕ್ಕಳು ಇಷ್ಟು ದೂರ ಬಂದಿದ್ದಾರೆ, ಎಲ್ಲವನ್ನೂ ತೋರಿಸಿಬಿಡೋಣ ಎಂದು ಹೊರಡುತ್ತಾನೆ. ಉದ್ದೇಶ ಒಳ್ಳೆಯದೇ, ಪರಿಣಾಮ ಮಾತ್ರ ವಿಪರೀತ. ಮೂರನೆಯ ಕೋಣೆ ಮುಗಿಯುವಷ್ಟರಲ್ಲಿ ಹಿಂದಿನ ಸಾಲಿನ ಮಕ್ಕಳು ಗೋಡೆಗೆ ಒರಗಿರುತ್ತಾರೆ, ಮುಂದಿನ ಸಾಲಿನವರು ಕಿಟಕಿಯ ಹೊರಗಿನ ಅಳಿಲನ್ನು ನೋಡುತ್ತಿರುತ್ತಾರೆ.

ಇದಕ್ಕೆ ಪರಿಹಾರ ಆಯ್ಕೆಯಲ್ಲಿದೆ. ಒಂದು ಗಂಟೆಗೆ ನಾಲ್ಕೋ ಐದೋ ವಸ್ತುಗಳು ಸಾಕು. ಅವುಗಳ ನಡುವಿನ ನಡಿಗೆ ಚಿಕ್ಕದಾಗಿರಬೇಕು. ಸಾಧ್ಯವಾದೆಡೆ ಮಕ್ಕಳು ನೆಲದ ಮೇಲೆ ಕುಳಿತು ನೋಡುವಂತಿರಬೇಕು. ದೊಡ್ಡ ತಂಡವನ್ನು ಹದಿನೈದು ಇಪ್ಪತ್ತು ಮಕ್ಕಳ ಗುಂಪುಗಳಾಗಿ ಒಡೆದು ಬೇರೆ ಬೇರೆ ಕೋಣೆಗಳಿಂದ ಆರಂಭಿಸಬೇಕು. ಬಿಟ್ಟುಹೋದ ನೂರು ವಸ್ತುಗಳಿಗಾಗಿ ಮಾರ್ಗದರ್ಶಿ ಮರುಗಬೇಕಾಗಿಲ್ಲ. ಐದನ್ನು ನಿಜವಾಗಿ ಕಂಡ ಮಗು ಆರನೆಯದನ್ನು ತಾನಾಗಿಯೇ ನೋಡಬಲ್ಲದು. ನೂರರ ಮುಂದೆ ಸುಮ್ಮನೆ ನಡೆದುಹೋದ ಮಗು ಒಂದನ್ನೂ ಕಂಡಿರುವುದಿಲ್ಲ.

ಬಲ್ಲವನ ಮಾತು: ಆತಕೂರಿನ ಕಲ್ಲಿನ ನಿದರ್ಶನ

ಎರಡನೆಯ ತೊಡಕು ಮಾರ್ಗದರ್ಶಿಯ ಪಾಂಡಿತ್ಯವೇ. ಇದನ್ನು ಒಂದು ನಿದರ್ಶನದಿಂದ ವಿವರಿಸುವುದು ಉಚಿತ. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸಂಗ್ರಹಕ್ಕೆ ಸೇರಿದ ಕಲ್ಲುಗಳಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಬಹು ಪ್ರಸಿದ್ಧವಾದುದು. ಕ್ರಿ.ಶ. 949-50ರ ಈ ಹಳಗನ್ನಡ ಶಾಸನ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದ್ದು. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಮಡಿದ ಸಂಗತಿಯನ್ನೂ, ಆ ಯುದ್ಧದಲ್ಲಿ ಗಂಗರ ಬೂತುಗನು ವಹಿಸಿದ ಪಾತ್ರವನ್ನೂ ತಿಳಿಸುವ ಕಾರಣದಿಂದ ಇತಿಹಾಸಕಾರರಿಗೆ ಇದು ಅಮೂಲ್ಯವಾದ ಆಧಾರ.

ಪಂಡಿತನಾದ ಮಾರ್ಗದರ್ಶಿ ಈ ಕಲ್ಲಿನ ಮುಂದೆ ನಿಂತು ಏನು ಹೇಳಬಹುದು? ರಾಷ್ಟ್ರಕೂಟರ ವಂಶಾವಳಿಯಿಂದ ತೊಡಗಿ, ಗಂಗರಿಗೂ ಅವರಿಗೂ ಇದ್ದ ನಂಟನ್ನು ವಿವರಿಸಿ, ಚೋಳರ ದಂಡಯಾತ್ರೆಗೆ ಬಂದು, ಶಕವರ್ಷವನ್ನು ಕ್ರಿಸ್ತಶಕಕ್ಕೆ ಪರಿವರ್ತಿಸುವ ಕ್ರಮದೊಂದಿಗೆ ಮುಗಿಸಬಹುದು. ಒಂದು ಮಾತೂ ಸುಳ್ಳಲ್ಲ. ಆದರೆ ಆರನೆಯ ತರಗತಿಯ ಮಗುವಿನ ಮನಸ್ಸಿಗೆ ಅದರಲ್ಲಿ ಒಂದು ಮಾತೂ ಇಳಿಯುವುದಿಲ್ಲ. ಅದಕ್ಕಿಂತ ವಿಷಾದದ ಸಂಗತಿಯೆಂದರೆ, ಆ ಹತ್ತು ನಿಮಿಷವೂ ಮಗು ನೋಡುತ್ತಿದ್ದದ್ದು ಮಾರ್ಗದರ್ಶಿಯ ಮುಖವನ್ನು, ಕಲ್ಲನ್ನಲ್ಲ.

ಇನ್ನೊಬ್ಬ ಮಾರ್ಗದರ್ಶಿ ಅದೇ ಕಲ್ಲಿನ ಮುಂದೆ ಮಕ್ಕಳನ್ನು ಕುಳ್ಳಿರಿಸಿ, "ಎರಡು ನಿಮಿಷ ಸುಮ್ಮನೆ ನೋಡಿರಿ. ಅಕ್ಷರಗಳನ್ನು ಬಿಟ್ಟು ಇನ್ನೇನು ಕಾಣುತ್ತದೆ, ಹೇಳಿರಿ" ಎಂದಷ್ಟೇ ಕೇಳುತ್ತಾನೆ. ಮೊದಲು ಮೌನ. ಆಮೇಲೆ ಒಂದು ದನಿ: "ಯಾವುದೋ ಪ್ರಾಣಿ." ಇನ್ನೊಂದು: "ಎರಡು ಪ್ರಾಣಿಗಳು, ಜಗಳವಾಡುತ್ತಿವೆ." ಮತ್ತೊಂದು: "ಒಂದು ಹಂದಿ." ಹಂದಿಯ ಹೆಸರು ಕೇಳಿ ಎಲ್ಲರೂ ನಗುತ್ತಾರೆ. ಆ ನಗೆಯನ್ನು ಗದರಿಸದೆ, "ಹಂದಿಯೆಂದು ಹೇಗೆ ತಿಳಿಯಿತು?" ಎಂದು ಅವನು ಕೇಳಿದಾಗ ಎಲ್ಲ ಕಣ್ಣುಗಳೂ ಕಲ್ಲಿನತ್ತ ತಿರುಗುತ್ತವೆ. ಇನ್ನೊಂದು ಪ್ರಾಣಿ ನಾಯಿಯೆಂಬುದು ಗೊತ್ತಾಗುವ ಹೊತ್ತಿಗೆ ಯಾರಿಗೂ ದಣಿವಿನ ನೆನಪಿರುವುದಿಲ್ಲ.

ಆಗ, ಆಗ ಮಾತ್ರ, ಅವನು ಕಥೆ ಹೇಳುತ್ತಾನೆ. ಆ ನಾಯಿಯ ಹೆಸರು ಕಾಳಿ. ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನಿಗೆ ಒಡೆಯನಾದ ಬೂತುಗನು ಮೆಚ್ಚಿ, ಬೇಕಾದುದನ್ನು ಬೇಡೆಂದಾಗ ಅವನು ಬೇಡಿದ್ದು ಈ ನಾಯಿಯನ್ನು. ಬೆಳತೂರಿನ ಬಳಿಯ ಗುಡ್ಡದಲ್ಲಿ ಒಂದು ದೊಡ್ಡ ಹಂದಿಯೊಡನೆ ಕಾಳಿ ಸೆಣಸಿತು. ಎರಡೂ ಸತ್ತವು. ಮಣಲೇರನು ತನ್ನ ನಾಯಿಗಾಗಿ ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಈ ಕಲ್ಲನ್ನು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟುಕೊಟ್ಟನು. ಆ ಭೂಮಿಯನ್ನು ಅನುಭವಿಸುವ ಗೊರವನು ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ಪಾಪ ತಟ್ಟುವುದೆಂದೂ ಕಲ್ಲಿನ ಮೇಲೆ ಬರೆಸಿದನು.

ಇಲ್ಲಿಂದ ಮುಂದೆ ಪ್ರಶ್ನೆ ಕೇಳುವವರು ಮಕ್ಕಳೇ. ಭೂಮಿ ಕೇಳಬಹುದಾಗಿತ್ತಲ್ಲ, ನಾಯಿಯನ್ನೇಕೆ ಕೇಳಿದ? ನಾಯಿಗೂ ಪೂಜೆ ಮಾಡುತ್ತಿದ್ದರೆ? ಯುದ್ಧ ಯಾರ ಮೇಲೆ? ಆ ಮೂರನೆಯ ಪ್ರಶ್ನೆ ಬಂದಾಗ ಮಾರ್ಗದರ್ಶಿಯ ಪಾಂಡಿತ್ಯಕ್ಕೆ ತಕ್ಕ ಸಮಯ ಒದಗಿತೆಂದು ತಿಳಿಯಬೇಕು. ತಕ್ಕೋಲದ ಯುದ್ಧ ಮಗುವಿಗೆ ಈಗ ಬೇಕಾಗಿದೆ. ಮೊದಲಿನ ಮಾರ್ಗದರ್ಶಿ ಹೇಳಿದ ವಿಷಯವನ್ನೇ ಎರಡನೆಯವನೂ ಹೇಳುತ್ತಾನೆ, ಆದರೆ ಹಸಿವಾದ ಮೇಲೆ ಬಡಿಸುತ್ತಾನೆ. ಇಬ್ಬರಲ್ಲಿರುವ ಭೇದ ಇಷ್ಟೇ.

ಪ್ರಶ್ನೆಯೂ ಮೌನವೂ

ಮೂರನೆಯ ತೊಡಕು ಮೌನಕ್ಕೆ ಹೆದರುವುದು. ಪ್ರಶ್ನೆ ಕೇಳಿದ ಕೂಡಲೆ ಉತ್ತರ ಬಾರದಿದ್ದರೆ ಹೊಸ ಮಾರ್ಗದರ್ಶಿಗೆ ಕಳವಳವಾಗುತ್ತದೆ, ತಾನೇ ಉತ್ತರ ಹೇಳಿಬಿಡುತ್ತಾನೆ. ಇದು ತರಗತಿಯ ಉಪಾಧ್ಯಾಯರಲ್ಲಿಯೂ ಕಾಣುವ ದೌರ್ಬಲ್ಯ. ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ ಅವರು ವಿಜ್ಞಾನದ ತರಗತಿಗಳನ್ನು ಅಭ್ಯಸಿಸಿ 1974ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಶ್ನೆ ಕೇಳಿದ ಮೇಲೆ ಉಪಾಧ್ಯಾಯರು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆಂಬುದು ಕಂಡುಬಂದಿತು. ಆ ಕಾಲವನ್ನು ಮೂರು ಸೆಕೆಂಡಿಗೆ ಅಥವಾ ಅದಕ್ಕಿಂತ ಹೆಚ್ಚಿಗೆ ಏರಿಸಿದಾಗ ಮಕ್ಕಳ ಉತ್ತರಗಳು ದೀರ್ಘವಾದವು, ಕೇಳದೆಯೇ ಮಾತಾಡುವ ಮಕ್ಕಳು ಹೆಚ್ಚಿದರು, ಉತ್ತರ ಹೇಳಲಾಗದೆ ಸುಮ್ಮನಾಗುವವರು ಕಡಿಮೆಯಾದರು. ಎರಡು ಸೆಕೆಂಡುಗಳ ತಾಳ್ಮೆಗೆ ಇಷ್ಟು ಫಲ.

ಕಲಾಶಿಕ್ಷಣದ ಕ್ಷೇತ್ರದಲ್ಲಿ ದುಡಿದ ಅಬಿಗೇಲ್ ಹೌಸೆನ್ ಮತ್ತು ಫಿಲಿಪ್ ಯೆನವೈನ್ ಅವರು ಚಿತ್ರದ ಮುಂದೆ ಮಕ್ಕಳನ್ನು ಮಾತಾಡಿಸಲು ಮೂರೇ ಪ್ರಶ್ನೆಗಳ ಕ್ರಮವೊಂದನ್ನು ರೂಪಿಸಿದರು. ಇಲ್ಲಿ ಏನು ನಡೆಯುತ್ತಿದೆ, ಏನನ್ನು ಕಂಡು ಹಾಗೆ ಹೇಳುವಿರಿ, ಇನ್ನೂ ಏನು ಕಾಣುತ್ತದೆ ಎಂಬುವೇ ಆ ಪ್ರಶ್ನೆಗಳ ಸಾರ. ಎರಡನೆಯ ಪ್ರಶ್ನೆ ಬಹು ಮುಖ್ಯ. ಅದು ಮಗುವನ್ನು ಊಹೆಯಿಂದ ಸಾಕ್ಷ್ಯದ ಕಡೆಗೆ ಕರೆತರುತ್ತದೆ. ತಪ್ಪು ಹೇಳಿದ ಮಗುವನ್ನು ಅವಮಾನಕ್ಕೆ ಗುರಿಮಾಡದೆ, ಅದು ತನ್ನ ತಪ್ಪನ್ನು ತಾನೇ ಕಂಡುಕೊಳ್ಳುವಂತೆ ಮಾಡುತ್ತದೆ.

ಉತ್ತರ ಗೊತ್ತಿಲ್ಲದ ಪ್ರಶ್ನೆಗಳೂ ಬರುತ್ತವೆ. ಇದರ ಬೆಲೆ ಎಷ್ಟು, ಇದನ್ನು ಕೆತ್ತಿದವನ ಹೆಸರೇನು, ಆ ಊರಿನವರು ಈ ಕಲ್ಲನ್ನು ಏಕೆ ಕೊಟ್ಟರು ಎಂದು ಮಕ್ಕಳು ಕೇಳುತ್ತಾರೆ. ಕೈಗೆ ಬಂದ ಉತ್ತರವನ್ನು ಹೇಳಿ ಮಾನ ಉಳಿಸಿಕೊಳ್ಳುವ ಆಸೆ ಮಾರ್ಗದರ್ಶಿಗೆ ಸಹಜ. "ಅದು ನನಗೆ ತಿಳಿಯದು, ಯಾರಿಗೂ ತಿಳಿದಿರಲಾರದು, ನೀವು ದೊಡ್ಡವರಾಗಿ ಹುಡುಕಿರಿ" ಎಂದು ಒಪ್ಪಿಕೊಳ್ಳುವವನು ಮಾತ್ರ ಮಕ್ಕಳಿಗೆ ವಿದ್ಯೆಯ ನಿಜವಾದ ಸ್ವರೂಪವನ್ನು ತೋರಿಸಿದಂತಾಗುತ್ತದೆ.

ಮುಟ್ಟಬಾರದ ವಸ್ತು, ಮುಟ್ಟಬೇಕಾದ ವಿಷಯ

ನಿಷೇಧವನ್ನು ಹೇಳುವ ರೀತಿ ನಾಲ್ಕನೆಯ ತೊಡಕು. ಮಗುವಿನ ಕಣ್ಣು ಬೆರಳಿನ ತುದಿಯಲ್ಲಿರುತ್ತದೆ. "ಮುಟ್ಟಬೇಡ" ಎಂಬ ಆಜ್ಞೆಗಿಂತ ಕಾರಣವನ್ನು ಹೇಳುವುದು ಹೆಚ್ಚು ಫಲಕಾರಿ. ಬೆರಳಿನ ಬೆವರಿನಲ್ಲಿ ಉಪ್ಪು ಮತ್ತು ಜಿಡ್ಡು ಇರುತ್ತವೆ, ಲೋಹ ಅದರಿಂದ ಕಿಲುಬು ಹಿಡಿಯುತ್ತದೆ, ದಿನಕ್ಕೆ ನೂರು ಕೈ ಸೋಕಿದರೆ ಕಲ್ಲಿನ ಕೆತ್ತನೆಯೂ ಸವೆಯುತ್ತದೆ ಎಂದು ತಿಳಿಸಿದರೆ ಮಕ್ಕಳು ತಾವೇ ಕಾವಲುಗಾರರಾಗುತ್ತಾರೆ. ಕಣ್ಣು ಕಾಣದ ಮಗು ತಂಡದಲ್ಲಿದ್ದರೆ ಸಂಗ್ರಹಾಲಯದ ಅಧಿಕಾರಿಗಳ ಅನುಮತಿಯಿಂದ ಒಂದು ಪ್ರತಿಕೃತಿಯನ್ನೋ ಮುಟ್ಟಬಹುದಾದ ಒಂದು ಕಲ್ಲನ್ನೋ ಮೊದಲೇ ಗೊತ್ತುಮಾಡಿಕೊಂಡಿರಬೇಕು. ಮನೆಯಲ್ಲಿ ಕನ್ನಡವಲ್ಲದ ಮಾತನಾಡುವ ಮಕ್ಕಳಿರುತ್ತಾರೆ. ಅವರು ತಮ್ಮ ಮಾತಿನಲ್ಲಿ ಆ ವಸ್ತುವಿನ ಹೆಸರನ್ನು ಹೇಳುವ ಅವಕಾಶ ದೊರೆತರೆ ಇಡೀ ತಂಡಕ್ಕೆ ಲಾಭ.

ಇದಕ್ಕಿಂತ ಸೂಕ್ಷ್ಮವಾದದ್ದು ವಸ್ತುಗಳ ಹಿಂದಿನ ನೋವನ್ನು ಹೇಳುವ ಸಂದರ್ಭ. ಕನ್ನಡನಾಡಿನ ಸಂಗ್ರಹಾಲಯಗಳಲ್ಲಿ ವೀರಗಲ್ಲುಗಳ ಜೊತೆಯಲ್ಲಿ ಮಾಸ್ತಿಗಲ್ಲುಗಳೂ ಇರುತ್ತವೆ. ಬಳೆ ತೊಟ್ಟ ತೋಳೊಂದು ಮೇಲೆದ್ದಿರುವ ಆ ಕಲ್ಲಿನ ಮುಂದೆ ಹನ್ನೊಂದು ವರ್ಷದ ಬಾಲಕಿಯೊಬ್ಬಳು ನಿಂತು ಇದೇನೆಂದು ಕೇಳುತ್ತಾಳೆ. ಪತಿಯೊಡನೆ ಚಿತೆಯೇರಿದ ಹೆಣ್ಣಿನ ಸ್ಮಾರಕವೆಂಬುದನ್ನು ಅವಳಿಗೆ ಹೇಗೆ ಹೇಳಬೇಕು? ಹೊಗಳಿ ಹೇಳಿದರೆ ಆ ಬಾಲಕಿಗೆ ಅನ್ಯಾಯ. ಹಳಬರನ್ನು ಹಳಿದು ಹೇಳಿದರೆ ಕಲ್ಲಿನಲ್ಲಿ ನಿಂತ ಹೆಣ್ಣಿಗೆ ಅನ್ಯಾಯ. ಮಾತನ್ನು ತಪ್ಪಿಸಿ ಮುಂದೆ ನಡೆದರೆ ಇಬ್ಬರಿಗೂ ಅನ್ಯಾಯ. ಅಂದು ಹೀಗೆ ನಡೆಯಿತು, ಆ ಹೆಣ್ಣಿನ ಮನಸ್ಸಿನಲ್ಲಿ ಏನಿತ್ತೆಂಬುದನ್ನು ಕಲ್ಲು ಹೇಳುವುದಿಲ್ಲ, 1829ರಲ್ಲಿ ಬಂಗಾಳದಲ್ಲಿ ಕಾನೂನಿನ ಮೂಲಕ ಈ ಪದ್ಧತಿಯನ್ನು ನಿಷೇಧಿಸಲಾಯಿತು, ಇಂದು ಇದು ದೇಶದಲ್ಲೆಲ್ಲ ಅಪರಾಧ ಎಂದು ನೇರವಾಗಿ, ಮೆಲುದನಿಯಲ್ಲಿ ಹೇಳಿ, ಮಕ್ಕಳು ಅದನ್ನು ಮನಸ್ಸಿನಲ್ಲಿ ತೂಗಿನೋಡಲು ಒಂದು ಕ್ಷಣ ಬಿಡುವುದೇ ಸರಿಯಾದ ಮಾರ್ಗವೆಂದು ತೋರುತ್ತದೆ. ಮಾರ್ಗದರ್ಶಿಯ ಶೀಲ ಪರೀಕ್ಷೆಗೊಳಗಾಗುವುದು ಇಂತಹ ಗಳಿಗೆಗಳಲ್ಲಿ.

ಉಪಾಧ್ಯಾಯರ ಪಾಲು

ಈ ತೊಡಕುಗಳನ್ನು ಮಾರ್ಗದರ್ಶಿಯೊಬ್ಬನೇ ನಿವಾರಿಸಲಾರನು. ಅರ್ಧದಷ್ಟು ಕೆಲಸ ಬಸ್ಸು ಹೊರಡುವ ಮುನ್ನವೇ ಶಾಲೆಯಲ್ಲಿ ನಡೆಯಬೇಕಾದುದು. ಜಾನ್ ಫಾಕ್ ಮತ್ತು ಅವರ ಸಹೋದ್ಯೋಗಿಗಳು 1978ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಅಪರಿಚಿತ ಸ್ಥಳಕ್ಕೆ ಬಂದ ಮಕ್ಕಳ ಗಮನ ಮೊದಲು ಆ ಸ್ಥಳದ ಹೊಸತನದ ಕಡೆಗೇ ಹರಿಯುತ್ತದೆ, ಪಾಠ ಹಿಂದೆ ಬೀಳುತ್ತದೆ. ಇದು ಅಶಿಸ್ತಲ್ಲ, ಸ್ವಭಾವ. ಕಟ್ಟಡ ಹೇಗಿದೆ, ಊಟ ಎಲ್ಲಿ, ಶೌಚಾಲಯ ಎಲ್ಲಿ, ಎಷ್ಟು ಹೊತ್ತು ಇರುತ್ತೇವೆ, ಯಾರು ಬಂದು ಮಾತಾಡಿಸುತ್ತಾರೆ ಎಂಬಂತಹ ಸಾಮಾನ್ಯ ಸಂಗತಿಗಳನ್ನು ಹಿಂದಿನ ದಿನವೇ ತಿಳಿಸಿದರೆ ಮಕ್ಕಳ ಮನಸ್ಸು ಕಲಿಕೆಗೆ ಬಿಡುವಾಗುತ್ತದೆ.

ಭೇಟಿಯ ವೇಳೆಯಲ್ಲಿ ಉಪಾಧ್ಯಾಯರ ನಡವಳಿಕೆಯೂ ಗಮನಾರ್ಹ. ಮಕ್ಕಳನ್ನು ಮಾರ್ಗದರ್ಶಿಗೆ ಒಪ್ಪಿಸಿ ಚಹಾಕ್ಕೆ ಹೋಗುವವರುಂಟು. ಮಗು ಬಾಯಿ ತೆರೆದ ಕೂಡಲೆ "ಸುಮ್ಮನಿರು" ಎಂದು ಗದರಿಸುವವರೂ ಉಂಟು. ಇವೆರಡಕ್ಕಿಂತ ಹೆಚ್ಚು ಹಾನಿ ಮಾಡುವುದು ವಿವರಣ ಫಲಕಗಳನ್ನು ನೋಟುಪುಸ್ತಕಕ್ಕೆ ನಕಲು ಮಾಡಿಸುವ ಪದ್ಧತಿ. ಬೆನ್ನು ವಸ್ತುವಿನ ಕಡೆಗೂ ಮುಖ ಫಲಕದ ಕಡೆಗೂ ಮಾಡಿ ಅವಸರದಿಂದ ಗೀಚುವ ಮಕ್ಕಳ ದೃಶ್ಯ ಎಲ್ಲ ಸಂಗ್ರಹಾಲಯಗಳಲ್ಲಿಯೂ ಸಾಮಾನ್ಯ. ಇದಕ್ಕೆ ಬದಲು ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದೇ ಒಂದು ವಸ್ತುವಿನ ಚಿತ್ರ ಬರೆದು, ಅದರ ಬಗ್ಗೆ ತನಗೆ ಹುಟ್ಟಿದ ಒಂದು ಪ್ರಶ್ನೆಯನ್ನು ಕೆಳಗೆ ಬರೆದುತಂದರೆ, ಮರುದಿನದ ತರಗತಿಗೆ ಬೇಕಾದ ಸಾಮಗ್ರಿ ಒದಗುತ್ತದೆ. ಭೇಟಿಗೆ ಮೊದಲು ಒಂದು ಅವಧಿ, ಭೇಟಿಯ ತರುವಾಯ ಒಂದು ಅವಧಿ, ಇಷ್ಟನ್ನು ವೇಳಾಪಟ್ಟಿಯಲ್ಲಿ ಕೊಡುವುದು ಯಾವ ಶಾಲೆಗೂ ಹೊರೆಯಾಗಲಾರದು.

ಸ್ವಯಂಸೇವೆಯ ಮಿತಿಗಳು

ಸೇವೆ ಉಚಿತವಾದುದರಿಂದ ಅದು ಹೇಗಿದ್ದರೂ ನಡೆಯುತ್ತದೆ ಎಂಬ ಭಾವನೆ ಸಲ್ಲದು. ಮೂವತ್ತು ಮಕ್ಕಳು ಬಾಗಿಲಲ್ಲಿ ಕಾಯುತ್ತಿರುವಾಗ ಸ್ವಯಂಸೇವಕ ಬಾರದೆಹೋದರೆ ಆ ದಿನದ ನಷ್ಟವನ್ನು ತುಂಬಿಕೊಡುವವರಿಲ್ಲ. ಆದ್ದರಿಂದ ತರಬೇತಿ, ಹಾಜರಿ, ಒಬ್ಬರ ವಿವರಣೆಯನ್ನು ಮತ್ತೊಬ್ಬರು ಕೇಳಿ ತಿದ್ದುವ ಕ್ರಮ, ಇವು ಸಂಬಳದ ನೌಕರರಿಗಿಂತ ಸ್ವಯಂಸೇವಕರಿಗೆ ಹೆಚ್ಚು ಅವಶ್ಯಕ.

ಈ ವ್ಯವಸ್ಥೆಯನ್ನು ಬೆಳೆಸಿದ ಅಮೆರಿಕದಲ್ಲಿಯೇ ಅದರ ಬಗ್ಗೆ ಮರುಚಿಂತನೆ ನಡೆದಿದೆ. ಷಿಕಾಗೋ ನಗರದ ಕಲಾಸಂಸ್ಥೆಯು 2021ರಲ್ಲಿ ತನ್ನ ಎಂಬತ್ತಕ್ಕೂ ಹೆಚ್ಚು ಮಂದಿ ಡೋಸೆಂಟರ ಸೇವೆಯನ್ನು ಕೊನೆಗೊಳಿಸಿ, ವೇತನ ಪಡೆಯುವ ಶಿಕ್ಷಕರನ್ನು ನೇಮಿಸುವ ನಿರ್ಧಾರ ಕೈಗೊಂಡಾಗ ದೇಶದಾದ್ಯಂತ ವಾದವಿವಾದಗಳೆದ್ದವು. ಬಿಡುವೂ ಅನುಕೂಲವೂ ಇದ್ದವರು ಮಾತ್ರ ಇಂತಹ ದೀರ್ಘ ಸೇವೆಯನ್ನು ಸಲ್ಲಿಸಬಲ್ಲರು, ಹೀಗಾಗಿ ಮಾರ್ಗದರ್ಶಿಗಳು ಒಂದೇ ವರ್ಗದವರಾಗಿಬಿಡುತ್ತಾರೆ ಎಂಬುದು ಒಂದು ಪಕ್ಷ. ದಶಕಗಳ ಅನುಭವವನ್ನೂ ನಿಷ್ಠೆಯನ್ನೂ ಹೀಗೆ ಕೈಬಿಡುವುದು ಕೃತಘ್ನತೆ ಎಂಬುದು ಇನ್ನೊಂದು ಪಕ್ಷ. ಎರಡರಲ್ಲಿಯೂ ಹುರುಳಿದೆ. ಕನ್ನಡನಾಡಿಗೆ ಇದರಿಂದ ದೊರೆಯುವ ಪಾಠವೆಂದರೆ ಹಳ್ಳಿಯ ಮಕ್ಕಳನ್ನು ಎದುರುಗೊಳ್ಳುವವರಲ್ಲಿ ಹಳ್ಳಿಯಿಂದ ಬಂದವರೂ ಇರಬೇಕು ಎಂಬುದು. ರಂಟೆ, ಕುಂಟೆ, ಕೂರಿಗೆಗಳನ್ನು ಇಟ್ಟ ಜಾನಪದ ವಿಭಾಗದಲ್ಲಿ ಅವುಗಳನ್ನು ಹಿಡಿದು ದುಡಿದ ನಿವೃತ್ತ ರೈತನಿಗಿಂತ ಒಳ್ಳೆಯ ಮಾರ್ಗದರ್ಶಿ ದೊರೆಯಲಾರನು.

ಫಲದ ವಿಚಾರ

ಇಷ್ಟೆಲ್ಲ ಶ್ರಮದಿಂದ ಪ್ರಯೋಜನವುಂಟೇ ಎಂದು ಕೇಳುವವರಿಗೆ ಒಂದು ಅಧ್ಯಯನದ ಉತ್ತರವಿದೆ. ಅಮೆರಿಕದ ಆರ್ಕನ್ಸಾ ರಾಜ್ಯದ ಬೆಂಟನ್‌ವಿಲ್ ಎಂಬ ಚಿಕ್ಕ ಪಟ್ಟಣದಲ್ಲಿ 2011ರಲ್ಲಿ ಕ್ರಿಸ್ಟಲ್ ಬ್ರಿಡ್ಜಸ್ ಎಂಬ ಕಲಾಸಂಗ್ರಹಾಲಯ ಆರಂಭವಾಯಿತು. ದಾನಿಗಳ ನೆರವಿನಿಂದ ಶಾಲಾತಂಡಗಳ ಭೇಟಿಯನ್ನು ಸಂಪೂರ್ಣ ಉಚಿತಗೊಳಿಸಲಾಗಿತ್ತು. ಅವಕಾಶಕ್ಕಿಂತ ಹೆಚ್ಚು ಶಾಲೆಗಳು ಅರ್ಜಿ ಸಲ್ಲಿಸಿದ್ದರಿಂದ ಚೀಟಿಯೆತ್ತುವ ಕ್ರಮದಿಂದ ಸರದಿಯನ್ನು ನಿರ್ಧರಿಸಲಾಯಿತು. ಇದನ್ನೇ ಅನುಕೂಲ ಮಾಡಿಕೊಂಡು ಜೇ ಗ್ರೀನ್ ಮತ್ತು ಅವರ ಸಹ ಸಂಶೋಧಕರು, ಭೇಟಿಯಿತ್ತ ಮಕ್ಕಳನ್ನೂ ಇನ್ನೂ ಸರದಿ ಬಾರದ ಮಕ್ಕಳನ್ನೂ ಹೋಲಿಸಿ 2013ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. 123 ಶಾಲೆಗಳ 10,912 ವಿದ್ಯಾರ್ಥಿಗಳು ಈ ಅಧ್ಯಯನಕ್ಕೆ ಒಳಪಟ್ಟಿದ್ದರು.

ಆ ಮಕ್ಕಳಿಗೆ ದೊರೆತದ್ದು ಮಾರ್ಗದರ್ಶಿಯೊಡನೆ ಸುಮಾರು ಒಂದು ಗಂಟೆ. ಅವರು ನಿಂತು ಚರ್ಚಿಸಿದ್ದು ಐದರಷ್ಟು ಚಿತ್ರಗಳನ್ನು. ಕೆಲವು ವಾರಗಳ ಮೇಲೆ ಪರೀಕ್ಷಿಸಿದಾಗ ಕಂಡ ಚಿತ್ರಗಳ ವಿವರ ಬಹುಪಾಲು ಮಕ್ಕಳಿಗೆ ನೆನಪಿತ್ತು. ಗುಲಾಮರ ದುಡಿಮೆಯಿಂದ ತಯಾರಾದ ಸಕ್ಕರೆಗೆ ಪ್ರತಿಯಾಗಿ ಮೇಪಲ್ ಮರದ ರಸದಿಂದ ಸಿಹಿ ತಯಾರಿಸುವವರನ್ನು ತೋರುವ ಒಂದು ಚಿತ್ರದ ಆಶಯವನ್ನು, ಅದನ್ನು ಕಂಡ ಮಕ್ಕಳಲ್ಲಿ ಶೇಕಡಾ 88 ಮಂದಿ ಸರಿಯಾಗಿ ತಿಳಿಸಿದರು. ಅಷ್ಟೇ ಅಲ್ಲ, ಹಿಂದೆ ಕಂಡಿರದ ಹೊಸ ಚಿತ್ರವೊಂದನ್ನು ಕುರಿತು ಬರೆಯಹೇಳಿದಾಗಲೂ ಭೇಟಿಯಿತ್ತ ಮಕ್ಕಳ ವಿಮರ್ಶಾಶಕ್ತಿ ಮೇಲಾಗಿತ್ತು. ಮತ್ತೆ ಸಂಗ್ರಹಾಲಯಕ್ಕೆ ಬಂದವರ ಪ್ರಮಾಣವೂ ಅವರಲ್ಲಿ ಶೇಕಡಾ 18ರಷ್ಟು ಅಧಿಕವಾಗಿತ್ತು. ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಈ ಪ್ರಯೋಜನ ಗ್ರಾಮೀಣ ಶಾಲೆಗಳ ಮಕ್ಕಳಲ್ಲಿಯೂ ಬಡತನ ಹೆಚ್ಚಿರುವ ಶಾಲೆಗಳ ಮಕ್ಕಳಲ್ಲಿಯೂ ಇತರರಿಗಿಂತ ಹೆಚ್ಚಾಗಿ ಕಂಡುಬಂದಿತು. ಯಾರಿಗೆ ಅವಕಾಶ ಅತ್ಯಂತ ಕಡಿಮೆಯೋ ಅವರಿಗೇ ಅದರ ಫಲ ಅತ್ಯಂತ ಹೆಚ್ಚು.

ಉಪಸಂಹಾರ

ಮೇಲಿನ ವಿವೇಚನೆಯಿಂದ ಹೊರಡುವ ಮಾತು ಸರಳವಾದುದು. ಶಾಲಾಮಕ್ಕಳ ಮಾರ್ಗದರ್ಶಿಗೆ ಜ್ಞಾನ ಬೇಕು, ಅದಕ್ಕಿಂತ ಹೆಚ್ಚಾಗಿ ಆ ಜ್ಞಾನವನ್ನು ಮಗು ಕೇಳುವವರೆಗೆ ತಡೆದು ನಿಲ್ಲಿಸಿಕೊಳ್ಳುವ ಸಂಯಮ ಬೇಕು. ಈ ಸಂಯಮ ಒಂದು ದಿನದಲ್ಲಿ ಬರುವುದಿಲ್ಲ. ಅದು ಬರಲು ಉಪಾಧ್ಯಾಯರ ಸಹಕಾರ, ಸಂಸ್ಥೆಯ ತರಬೇತಿ, ಸಮಾಜದ ಬೆಂಬಲ ಮೂರೂ ಅಗತ್ಯ. ಶಾಲೆಯಿಂದ ಹೊರಬಂದು ನಗರಗಳಲ್ಲಿ ನೆಲಸಿದ ಹಳೆಯ ವಿದ್ಯಾರ್ಥಿಗಳು ತಿಂಗಳಿಗೆ ಒಂದೆರಡು ಬೆಳಗುಗಳನ್ನು ಈ ಸೇವೆಗೆ ಮುಡಿಪಾಗಿಡಬಹುದು. ದಾನಿಗಳು ಕಟ್ಟಡ, ಕೊಠಡಿಗಳಿಗೆ ಕೊಡುವಂತೆಯೇ ಒಂದು ತರಗತಿಯ ಬಸ್ಸಿನ ವೆಚ್ಚಕ್ಕೂ ಮಧ್ಯಾಹ್ನದ ಊಟಕ್ಕೂ ಕೊಡಬಹುದು. ಆ ದಾನದ ಮೇಲೆ ಹೆಸರಿನ ಕಲ್ಲು ನಿಲ್ಲುವುದಿಲ್ಲ ನಿಜ, ಆದರೆ ಅದರ ಫಲ ಮಕ್ಕಳ ನೋಟದಲ್ಲಿ ನಿಲ್ಲುತ್ತದೆ.

ಆ ನೋಟ ಊರಿಗೆ ಮರಳಿದ ಮೇಲೆ ತನ್ನ ಕೆಲಸವನ್ನು ಆರಂಭಿಸುತ್ತದೆ. ಕನ್ನಡನಾಡಿನ ಎಷ್ಟೋ ಊರುಗಳಲ್ಲಿ ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಹಾಳುಬಿದ್ದ ಗುಡಿಯ ಮಗ್ಗುಲಲ್ಲಿ ವೀರಗಲ್ಲುಗಳು ನಿಂತಿವೆ. ಕೆಲವು ಬಟ್ಟೆ ಒಗೆಯುವ ಬಂಡೆಗಳಾಗಿವೆ, ಕೆಲವಕ್ಕೆ ದನ ಕಟ್ಟುತ್ತಾರೆ, ಕೆಲವು ಅಡಿಪಾಯದ ಕಲ್ಲುಗಳಾಗಿ ಮರೆಯಾಗಿವೆ. ಅವುಗಳಿಗೆ ಗಾಜಿನ ಕಪಾಟಿಲ್ಲ, ಕಾವಲುಗಾರನಿಲ್ಲ, ವಿವರಣ ಫಲಕವೂ ಇಲ್ಲ. ಕಾಳಿಯ ಕಥೆಯನ್ನು ಕೇಳಿಬಂದ ಬಾಲಕನೊಬ್ಬ ಮರುದಿನ ದನ ಹೊಡೆದುಕೊಂಡು ಹೋಗುವಾಗ ಅಂತಹ ಒಂದು ಕಲ್ಲಿನ ಮುಂದೆ ನಿಂತು, ಮೇಲಿನ ಮಣ್ಣನ್ನು ಒರಸಿ, "ಇಲ್ಲಿ ಏನು ನಡೆಯುತ್ತಿದೆ?" ಎಂದು ತನ್ನನ್ನು ತಾನೇ ಕೇಳಿಕೊಂಡನಾದರೆ ಆ ಅಜ್ಞಾತ ಸ್ವಯಂಸೇವಕನ ಶ್ರಮ ಸಾರ್ಥಕವಾದಂತೆಯೇ ಸರಿ.